ರಾಗಿಹೊಲದ ಕಪ್ಪುಗೆರೆ

ಎಂಬತ್ತರ ದಶಕದಲ್ಲಿ, ವರ್ತೂರಿನ ಪಕ್ಕದ ಹಳ್ಳಿಯಲ್ಲಿ ನಾನು ಮೇಷ್ಟರಾಗಿದ್ದಾಗ, ವಿಮಾನದಿಂದ ತೆಗೆದ ನೆಲದ ಚಿತ್ರಗಳನ್ನು ಓದುವ ಅಧಿಕಾರಿಯೊಬ್ಬರು ನಮ್ಮ ನೆರೆಯಲ್ಲಿದ್ದರು. ಚಿತ್ರದಲ್ಲಿ ಏನು ಕಂಡರೂ, "ನಡೀರಿ ಮೇಷ್ಟ್ರೇ, ನೆಲಾನೇ ಕೇಳೋಣ," ಎಂದು ಸೈಕಲ್ ಹತ್ತುತ್ತಿದ್ದರು. ಹೊಲ ಸೇರಿದೊಡನೆ ಚಪ್ಪಲಿ ಕಳಚುತ್ತಿದ್ದರು.

ಆ ವರ್ಷ ನಮ್ಮ ಕೆರೆಗೆ ನೀರು ಬರಲಿಲ್ಲ. ನೀರು ತರುತ್ತಿದ್ದ ಹಳೆಯ ಕಾಲುವೆ ಎಲ್ಲಿ ಹೂತುಹೋಗಿದೆಯೆಂದು ಯಾರಿಗೂ ತಿಳಿಯದು. ಅವರು ಚಿತ್ರದಲ್ಲಿ, ರಾಗಿಹೊಲವೊಂದನ್ನು ಸೀಳಿದ್ದ ಕಪ್ಪುಗೆರೆಯನ್ನು ತೋರಿಸಿ, ತೇವವಿರುವ ನೆಲ ಹೀಗೆ ಕಪ್ಪಾಗಿ ಕಾಣುತ್ತದೆ, ಕಾಲುವೆ ಇದರಡಿಯೇ ಇರಬೇಕು ಎಂದರು. ನಾವು ಅಗೆಯಲು ಹೋದಾಗ, ಕೊಯ್ಲು ಮುಗಿದಿದ್ದರೂ ಹೊಲದೊಡತಿ ಗುದ್ದಲಿಗೆ ಅಡ್ಡ ನಿಂತಳು.

"ಆಕಾಸದಾಗಿಂದ ನೋಡ್ದೋರ್ಗೆ ನನ್ನೊಲ ಏನ್ ಗೊತ್ತು ಸಾಮಿ?"

ಅಧಿಕಾರಿ ಅದೇ ಹೊಲದ ಜೋಡಿ ಚಿತ್ರಗಳನ್ನು ಬದುವಿನ ಮೇಲೆ ಹರಡಿ, ಉಬ್ಬುತಗ್ಗು ತೋರಿಸುವ ಜೋಡಿಗಾಜನ್ನು ಅವುಗಳ ಮೇಲಿಟ್ಟು, "ನೀವೇ ನೋಡಿ ಅಮ್ಮ," ಎಂದರು.

ಬಗ್ಗಿದ ಆಕೆ ಕೂಗಿದಳು: "ಅಯ್ಯೋ, ನಮ್ಮುಣ್ಸೆಮರ ಎದ್ ನಿಂತೈತೆ! ಅದ್ರ ಪಕ್ದಾಗೆ ಉದ್ದಕ್ಕೂ ತಗ್ಗೈತಲ್ಲ!"

ಮರುಕ್ಷಣವೇ ಆಕೆ ಗುದ್ದಲಿ ಕಿತ್ತುಕೊಂಡಳು. ಮೊಣಕಾಲಾಳದಲ್ಲಿ ಹಳೆಯ ಕಾಲುವೆಯ ಒದ್ದೆ ಮರಳು ಹೊರಬಂತು. ಅವರು ಮಂಡಿಯೂರಿ ಅದನ್ನು ಬೊಗಸೆಯಲ್ಲಿ ಎತ್ತಿಕೊಂಡು ತಲೆಯೆತ್ತುವಷ್ಟರಲ್ಲಿ, ಆಕೆ ಕೆರೆಯ ದಿಕ್ಕಿಗೆ ನಾಲ್ಕು ಮಾರು ಮುಂದೆ ಹೋಗಿ ಆಗಲೇ ಅಗೆಯತೊಡಗಿದ್ದಳು.