ಗೋಡೆ ಹಿಡಿದು ನಡೆಯುತ್ತಿದ್ದ ಆಯಿ

ಮೊನ್ನೆ ರಾಯಚೂರಿನ ನಮ್ಮ ಮನೆಯ ಅಡುಗೆಮನೆ ಒಡೆಸುವಾಗ ನೆಲದಡಿಯಿಂದ ಒಂದು ವಾಸನೆ ಎದ್ದಿತು. ಸೊಸೆಗೆ ಹೊಸ ನಮೂನೆಯ ಅಡುಗೆಮನೆ ಬೇಕಾಗಿತ್ತು. ಗೋಡೆ ತುಂಬ ಖಾನೆಗಳು, ಮೂಲೆಯಲ್ಲಿ ತಿರುಗುವ ಕಪಾಟು, ಒಲೆಯ ಮೇಲೆ ಹೊಗೆ ಎಳೆಯುವ ಚಿಮಣಿ, ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರ ನೋಡಿ ನೋಡಿ ಆರಿಸಿದ್ದಳು. ಹಳೆಯ ಟೈಲ್ಸ್ ಕಿತ್ತಾಗ ಕೆಳಗೊಂದು ಬಂಡೆ ಕಂಡಿತು. ನಮಗಿಂತ ಮೊದಲು ಆ ಮನೆಯಲ್ಲಿದ್ದವರು ಮುಚ್ಚಿಸಿ ಬಿಟ್ಟಿದ್ದ ನೀರಿನ ಟಾಕಿ. ಬಂಡೆ ಸರಿಸಿದ ಕೂಡಲೇ ಬಂತು ಆ ವಾಸನೆ... ಹುಳಿಹುಳಿಯಾಗಿ, ಬೆಚ್ಚಗೆ. ಕೆಲಸದವರು ಮೂಗು ಮುಚ್ಚಿಕೊಂಡು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಅದಾದ ಮೇಲೆ ನಾನು ಮಾಡಿದ್ದನ್ನು ನೆನೆದು ಸೊಸೆ ಇನ್ನೂ ನಗುತ್ತಿದ್ದಾಳೆ. ಅವಳಿಗೆ ಮಾನ್ವಿಯ ಆಯಿ ಗೊತ್ತಿಲ್ಲ, ನಗಲಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆಯವರು ಮಾನ್ವಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಅವರ ಮನೆತನದಲ್ಲಿ ಕೂಲಿ ಬಿಟ್ಟು ಪಗಾರಕ್ಕೆ ನಿಂತ ಮೊದಲ ಮನುಷ್ಯ ಅವರೇ. ರಾಯಚೂರಿಗೆ ಹೋಗಿ ನೆಲೆಸಿದ ಸಾಹುಕಾರರೊಬ್ಬರ ಹಳೆಯ ಮನೆ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ ತೆಗೆದುಕೊಂಡರು. ಅಗ್ಗಕ್ಕೆ ಏಕೆ ಸಿಕ್ಕಿತೆಂದು ಯಾರೂ ಕೇಳಲಿಲ್ಲ. ಮೊಳ ದಪ್ಪದ ಗೋಡೆಗಳು, ಮಣ್ಣಿನ ಮಾಳಿಗೆ, ಪಡಸಾಲೆಯ ನಡುವೆ ಮಾಳಿಗೆಗೆ ಕೊರೆದ ಒಂದು ಬೆಳಕಿಂಡಿ. ನಾನು ರಾಯಚೂರಿನ ಸ್ಟೇಷನ್ನಿನ ಪಕ್ಕ ಹುಟ್ಟಿ ಬೆಳೆದವಳು, ಗದ್ದಲದಲ್ಲೇ ನಿದ್ದೆ ಮಾಡಿದವಳು. ಅವರು ಶಾಲೆಗೆ ಹೋದ ಮೇಲೆ ಆ ಮನೆಯಲ್ಲಿ ನನ್ನ ಉಸಿರು ನನಗೇ ಕೇಳುತ್ತಿತ್ತು. ಹೆದರುಪುಕ್ಕಿ ಎಂದು ತವರಿನಲ್ಲಿ ಮೊದಲೇ ಹೆಸರು ಪಡೆದಿದ್ದೆ. ಹೆದರೋರ ಮೇಲೆ ಹಾವು ಎಸೆದಂತೆ ನನ್ನನ್ನು ತಂದು ಆ ಮನೆಯಲ್ಲಿ ಇಟ್ಟಿದ್ದರು.

ಮನೆ ಬದಲಾದರೆ ಹೆದರಿಕೆ ಹೋಗುತ್ತದೆ ಎಂದುಕೊಂಡೆ. ಅಡುಗೆಮನೆಯಲ್ಲಿ ನೆಲದ ಒಲೆ ತೆಗೆಸಿ ನಿಂತು ಬೇಯಿಸುವ ಕಟ್ಟೆ, ಮಲಗುವ ಕೋಣೆಗೆ ಬೀದಿ ಕಡೆ ಒಂದು ಕಿಟಕಿ, ಗೋಡೆಯ ಗೂಡುಗಳಿಗೆ ಗಾಜಿನ ಬಾಗಿಲು ಹಚ್ಚಿ ಶೋಕೇಸು, ಹಳೆಯ ಸೀರೆಗಳ ಪರದೆ. ಪಡಸಾಲೆಗಂತೂ ನನ್ನ ಆಸೆ ದೊಡ್ಡದು. ಸೆಗಣಿ ಸಾರಿಸುವ ನೆಲ ಹೋಗಿ ಶಹಾಬಾದ್ ಕಲ್ಲಿನ ಫರಸಿ ಬರಬೇಕು, ಗೋಡೆಗೆ ತಿಳಿನೀಲಿ ಡಿಸ್ಟೆಂಪರ್ ಆಗಬೇಕು, ಬಲಗಡೆ ಮೂಲೆಯಲ್ಲಿ ಎರಡು ಬೆತ್ತದ ಕುರ್ಚಿ, ನಡುವೆ ಟೀಪಾಯಿ, ಮೇಲೆ ರೇಡಿಯೋ. ಮನೆ ಕಟ್ಟಿ ನೋಡು ಅಂತಾರೆ, ಕಟ್ಟಿದ ಮನೆ ಒಡೆಸಿ ನೋಡಬೇಕು! ಗೌಂಡಿಗಳು ಬಂದರು, ಧೂಳು ಬಂತು, ಧೂಳಿನ ಜೊತೆ ಪಕ್ಕದ ಮನೆಯ ಆಯಿಯೂ ದಿನಾ ಬರತೊಡಗಿದಳು.

ಓಣಿಯ ಸಣ್ಣವರು ದೊಡ್ಡವರು ಎಲ್ಲರಿಗೂ ಅವಳು ಆಯಿಯೇ. ದೇವದುರ್ಗದ ಕಡೆಯ ಹಳ್ಳಿಯವಳು, ಮದುವೆಯಾಗಿ ಮಾನ್ವಿಗೆ ಬಂದು, ಬಹಳ ಹಿಂದೆಯೇ ಗಂಡನನ್ನು ಕಳೆದುಕೊಂಡವಳು. ನಮ್ಮ ಮನೆಗೂ ಅವಳ ಮನೆಗೂ ನಡುಗೋಡೆ ಒಂದೇ. ಮಾಳಿಗೆ ಮೇಲೆ ನಿಂತರೆ ನಮ್ಮದು ಎಲ್ಲಿ ಮುಗಿಯಿತು, ಅವಳದು ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಒಣಕಲು ದೇಹ, ದನಿ ಮಾತ್ರ ಗಂಟೆ. ನನ್ನ ಒಲೆಕಟ್ಟೆ ನೋಡಿ ಸೊಂಟದ ಮೇಲೆ ಕೈ ಇಟ್ಟುಕೊಂಡು, “ಒಲೀನೂ ಮ್ಯಾಲೇರಿಸಿದೇನ್ ತಂಗೀ? ಹೆಣ್ಣುಮಕ್ಕಳು ಕುಂದ್ರೋದು ಅಡಗಿ ಮಾಡುವಾಗ ಒಂದೇ. ಅದನ್ನೂ ಕಳಕೊಂಡಿ ನೋಡು!” ಎಂದಳು. ನಾನು ಬಿದ್ದು ಬಿದ್ದು ನಕ್ಕೆ. ಆ ಮನೆಗೆ ಬಂದ ಮೇಲೆ ನಾನು ಜೋರಾಗಿ ನಕ್ಕದ್ದು ಅದೇ ಮೊದಲು.

ಆದರೆ ಆಯಿಯ ಒಂದು ನಡೆ ನನ್ನ ಕಣ್ಣಿಗೆ ಬಿತ್ತು. ಅವಳು ಪಡಸಾಲೆಯನ್ನು ನೇರವಾಗಿ ದಾಟುತ್ತಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಡಗಡೆ ಗೋಡೆಗೆ ಅಂಗೈ ಹಚ್ಚಿ, ಗೋಡೆ ಹಿಡಿದುಕೊಂಡೇ ಅಡುಗೆಮನೆ ತಲುಪುತ್ತಿದ್ದಳು. ಮರಳುವಾಗಲೂ ಹಾಗೆಯೇ. ಮೊದಲು ವಯಸ್ಸಿನ ಮಂಡಿನೋವು ಎಂದುಕೊಂಡೆ. ಅವಳ ಮನೆಯಲ್ಲಿ ಅವಳು ಹುಡುಗಿಯ ಹಾಗೆ ಓಡಾಡುವುದನ್ನು ನೋಡಿದ ಮೇಲೆ ನನ್ನ ಎದೆಯಲ್ಲಿ ಏನೋ ಕೂತಿತು. ನಾನು ಬಲಗಡೆ ಮೂಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರೆ ಆಯಿ ದೂರದಿಂದಲೇ, “ಅಲ್ಲಿ ಯಾಕ ಕುಂತಿ, ಈಚಿಗಿ ಬಾ, ಗಾಳಿ ಬರ್ತದ,” ಎನ್ನುವಳು. ಗಾಳಿ ಎಲ್ಲಿಂದಲೂ ಬರುತ್ತಿರಲಿಲ್ಲ. ಆಮೇಲೆ ಒಂದು ದಿನ ಖಾರ ಕುಟ್ಟುವಾಗ ಗಮನಿಸಿದೆ. ಒನಕೆ ಬಿದ್ದಾಗಲೆಲ್ಲ ಮೂಲೆಯ ನೆಲದಿಂದ ತಡವಾಗಿ ಇನ್ನೊಂದು ಸದ್ದು ಬರುತ್ತಿತ್ತು, ಕೆಳಗೆ ಯಾರೋ ಮೆಲ್ಲಗೆ ಕುಟ್ಟಿದ ಹಾಗೆ... ಅವತ್ತಿನಿಂದ ನಾನೂ ಗೋಡೆ ಹಿಡಿದು ನಡೆಯತೊಡಗಿದೆ. ಮನೆಯವರಿಗೆ ಹೇಳಿದರೆ, “ಇಬ್ರೂ ಕೂಡಿ ಮನಿಗಿ ದೆವ್ವ ತರ್ತೀರಿ,” ಎಂದು ನಕ್ಕರು.

ಫರಸಿ ರಾಯಚೂರಿನಿಂದ ಲಾರಿಯಲ್ಲಿ ಬಂದು ಇಳಿದ ದಿನ ಆಯಿ ಗೌಂಡಿಯನ್ನು ಪಕ್ಕಕ್ಕೆ ಕರೆದು ಬಲಗಡೆ ಮೂಲೆ ತೋರಿಸಿದಳು. “ಯಪ್ಪಾ, ಅಲ್ಲಿ ಅಗಿಬ್ಯಾಡ. ಹಳೀ ನೆಲದ ಮ್ಯಾಲೇ ಹಾಸಿಬಿಡು.” ಗೌಂಡಿ ಬಂದು ಇದನ್ನು ನಮ್ಮ ಮನೆಯವರ ಕಿವಿಗೆ ಹಾಕಿದ. ಅವರು ಹಾರೆಯ ಹಿಂಬದಿಯಿಂದ ಅಲ್ಲಿ ತಟ್ಟಿ ನೋಡಿದರು. ಟೊಳ್ಳು!

ರಜಾಕಾರರ ಹಾವಳಿಯ ಕಾಲದಲ್ಲಿ ಊರು ಬಿಟ್ಟ ಸಾಹುಕಾರರು ಬಂಗಾರವನ್ನು ಮನೆಯ ನೆಲದಲ್ಲೇ ಹುಗಿದು ಹೋದರು ಎಂಬ ಕಥೆ ನಮ್ಮ ಕಡೆ ಒಂದೊಂದು ಹಳೆ ಮನೆಗೂ ಇರುತ್ತದೆ. ನಮ್ಮ ಮನೆಗೂ ಇತ್ತು. ಅಲ್ಲಿ ಅಗೆಯಬೇಡ ಎಂದು ಮುದುಕಿ ಯಾಕೆ ಹೇಳಬೇಕು? ಅವಳಿಗೆ ಏನೋ ಗೊತ್ತಿದೆ. ನಮ್ಮ ಮನೆಯವರಿಗೆ ಅಷ್ಟು ಸಾಕಾಯಿತು. ನೀರಮಾನ್ವಿಯಲ್ಲಿದ್ದ ಅವರಣ್ಣ, ನನ್ನ ಭಾವನವರು, ಹಗ್ಗ ಹಿಡಿದುಕೊಂಡು ಬಂದರು. ಸಂತೆಯ ದಿನ ಗೌಂಡಿಗಳಿಗೆ ರಜೆ ಕೊಟ್ಟಾಯಿತು. ಓಣಿಯವರೆಲ್ಲ ಸಂತೆಗೆ ಹೋದ ಮಧ್ಯಾಹ್ನ ಬೀದಿ ಬಾಗಿಲಿಗೆ ಅಗಳಿ ಹಾಕಿದರು. ನಾನು ಬೇಡ ಎಂದೆ. “ರೀ, ನನಗ್ಯಾಕೋ ಹೆದ್ರಿಕಿ ಆಗಾಕತ್ತದ,” ಎಂದೆ. ನನಗೆ ಯಾವಾಗ ಹೆದರಿಕೆ ಆಗಿರಲಿಲ್ಲ? ಅದಕ್ಕೆ ಬೆಲೆ ಸಿಗಲಿಲ್ಲ.

ನೆಲ ಅಗೆದರೆ ಬಂಡೆ. ಇಬ್ಬರೂ ಕೂಡಿ ಹಾರೆ ಹಾಕಿ ಬಂಡೆ ಮೀಟಿದರು. ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಬರೀ ಕಪ್ಪು. ಆ ವಾಸನೆ ಎದ್ದು ಪಡಸಾಲೆ ತುಂಬಿತು. ನಮ್ಮವರು ಅಂಗಿ ಕಳಚಿ, ಹಗ್ಗವನ್ನು ಸೊಂಟಕ್ಕೆ ಬಿಗಿದು, ಕಾಲು ಒಳಗೆ ಇಳಿಬಿಟ್ಟು ದಂಡೆಯ ಮೇಲೆ ಕೂತರು. ಭಾವನವರು, “ಜಲ್ದಿ ಇಳಿ, ಯಾರರ ಬಂದಾರು,” ಎಂದರು. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಭಾವನವರ ಎದುರು ಗಂಡನ ಕೈ ಹಿಡಿದು ಎಳೆಯುವುದು ಹೇಗೆ? ಸೆರಗು ಬಾಯಿಗೆ ತುರುಕಿಕೊಂಡು ನಿಂತೆ.

ಆಗ ನೆಲದ ಮೇಲಿದ್ದ ಬಿಸಿಲಿನ ಚೌಕ ಒಮ್ಮೆಲೇ ಕಪ್ಪಾಯಿತು. ತಲೆಯೆತ್ತಿದೆ. ಬೆಳಕಿಂಡಿಯಲ್ಲಿ ಒಂದು ಮುಖ ತುಂಬಿಕೊಂಡಿತ್ತು. ಆ ಮುಖ ಒಂದು ಹೆಸರು ಹಿಡಿದು ಚೀರಿತು. ಗಂಡಸಿನ ಹೆಸರು, ಆದರೆ ನಮ್ಮ ಮನೆಯವರದಲ್ಲ, ಭಾವನವರದೂ ಅಲ್ಲ.

“ಇಳಿಬ್ಯಾಡಾ! ಇಳಿಬ್ಯಾಡಾ! ಮಾಸ್ತರಾ, ಅದು ಹಗೇವು ಅದ! ಮೊದಲ ಕಂದೀಲ್ ಬಿಡ್ರಿ ಒಳಗ!”

ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತಿದ್ದ ಆಯಿಗೆ ಹಾರೆಯ ಸದ್ದು ಕೇಳಿಸಿತ್ತು. ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ತೆಗೆದ ದಿನ ಅದರೊಳಗೆ ಇಳಿಯಬಾರದು, ವಿಷಗಾಳಿ ಇರುತ್ತದೆ, ಇದು ನಮ್ಮ ಕಡೆಯ ಸಣ್ಣ ಮಕ್ಕಳಿಗೂ ಗೊತ್ತು. ಅಣ್ಣತಮ್ಮಂದಿರಿಗೂ ಗೊತ್ತಿತ್ತು. ಆದರೆ ಅವರು ತೆಗೆದದ್ದು ಹಗೇವನ್ನಲ್ಲ, ಬಂಗಾರದ ಗುಂಡಿಯನ್ನು! ಜೋಳ ಎಂದುಕೊಂಡಿದ್ದರೆ ಒಂದು ರಾತ್ರಿ ಕಾಯುತ್ತಿದ್ದರು.

ಕಂದೀಲು ಹಚ್ಚುವಾಗ ನನ್ನ ಕೈಯಲ್ಲಿ ಕಡ್ಡಿಗಳು ಮುರಿದು ಮುರಿದು ಬಿದ್ದವು. ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟರು. ಉರಿ ಸಣ್ಣದಾಯಿತು, ನೀಲಿಯಾಯಿತು, ಆರಿತು. ಇನ್ನೂ ಆಳುದ್ದವೂ ಇಳಿದಿರಲಿಲ್ಲ. ಮೇಲೆಳೆದು ಮತ್ತೆ ಹಚ್ಚಿ ಬಿಟ್ಟರು. ಅಷ್ಟಕ್ಕೇ ಮತ್ತೆ ಆರಿತು. ನಮ್ಮ ಮನೆಯವರು ಕಾಲುಗಳನ್ನು ಒಂದೊಂದಾಗಿ ಮೇಲೆ ತೆಗೆದುಕೊಂಡರು.

ಅಷ್ಟರಲ್ಲಿ ಬೀದಿ ಬಾಗಿಲು ದಬದಬ ಬಡಿಯಿತು. ತೆಗೆದೆ. ಆಯಿ ಗೋಡೆ ಹಿಡಿಯಲಿಲ್ಲ. ಪಡಸಾಲೆಯ ನಟ್ಟನಡುವೆ ಓಡಿ ಹೋಗಿ ಹಗೇವಿನ ದಂಡೆಯಲ್ಲೇ ನಿಂತು ನಮ್ಮವರ ಕೆನ್ನೆಗೆ ಎರಡು ಬಾರಿಸಿದಳು. ಆಮೇಲೆ ಅವರ ತಲೆಯನ್ನು ತನ್ನ ಹೊಟ್ಟೆಗೆ ಅವುಚಿಕೊಂಡು, “ಯಪ್ಪಾ... ಯಪ್ಪಾ...” ಎನ್ನುತ್ತ ಅಲ್ಲೇ ಕೂತುಬಿಟ್ಟಳು. ಭಾವನವರು ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು.

ಅವತ್ತು ನಾವೆಲ್ಲ ಆಯಿಯ ಮನೆಯಲ್ಲೇ ಉಳಿದೆವು. ಗಂಡಸರು ಹೊರಗೆ ಕೂತಿದ್ದಾಗ ಅವಳು ನನಗೊಬ್ಬಳಿಗೇ ಹೇಳಿದಳು. ಅವಳ ಗಂಡ ಆ ಸಾಹುಕಾರರ ಮನೆಯ ಆಳು. ಮನೆಗೆ ಬೀಗರು ಬಂದಿದ್ದರು, ಜೋಳ ಬೇಕಿತ್ತು. ಹಗೇವಿನ ಬಾಯಿ ಒಂದು ರಾತ್ರಿ ತೆರೆದಿಡಬೇಕೆಂದು ಎಲ್ಲರಿಗೂ ಗೊತ್ತಿದ್ದರೂ ಸಾಹುಕಾರರು ಅವಸರ ಮಾಡಿ ಅವನಿಗೆ ಇಳಿಯಲು ಹೇಳಿದರು. ಹೊಸ ಸೊಸೆಯಾಗಿದ್ದ ಆಯಿ ಬುಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ವಾಸನೆ ಮೂಗಿಗೆ ಬಡಿದು ಅವಳಿಗೆ ಹೆದರಿಕೆಯಾಯಿತು.

“ಕರದೆ ತಂಗೀ. ಏನ್ರೀ, ಏನ್ರೀ ಅಂದೆ. ಅಲ್ಲಿ ಗಂಡಸ್ರು ಒಬ್ರೇನ್ ಇದ್ರು? ಎಲ್ಲಾರ ಹೇಣ್ತೇರೂ ಏನ್ರೀ ಅಂತಾರ. ಯಾರನ್ನ ಕರ್ಯಾಕತ್ತಾಳ ಅಂತ ಹ್ಯಾಂಗ ತಿಳೀಬೇಕು ಅವರಿಗಿ? ಹಿರೇರ ಮುಂದ ಗಂಡನ ಹೆಸರು ಹ್ಯಾಂಗ ಹಿಡೀಲಿ? ಹಿಡದಿದ್ರ ತಿರುಗಿ ನೋಡ್ತಿದ್ರು... ತಿರುಗಿ ನೋಡಿದ್ರ ನನ್ನ ಮಾರಿ ನೋಡಿ ನಿಲ್ತಿದ್ರು.”

ಹೆಣ ಮೇಲೆ ತೆಗೆದ ಮೇಲೆ ಆ ಜೋಳವನ್ನು ಯಾರೂ ಮುಟ್ಟಲಿಲ್ಲ. ಒಳಗೇ ಬಿಟ್ಟು ಬಂಡೆ ಮುಚ್ಚಿ ನೆಲ ಸಾರಿಸಿದರು. ಮಧ್ಯಾಹ್ನ ಬೆಳಕಿಂಡಿಯಿಂದ ಅವಳು ಚೀರಿದ ಹೆಸರು ಯಾರದೆಂದು ಆಗ ನನಗೆ ಗೊತ್ತಾಯಿತು. ಅವಳಿಗೂ ಅದು ಆಗಲೇ ಹೊಳೆದಿರಬೇಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹರೆಯದ ಹುಡುಗಿಯ ಹಾಗೆ ನಾಚಿದಳು, ಹಾಗೆಯೇ ಅತ್ತಳು. ಮೊದಲೇ ಏಕೆ ಹೇಳಲಿಲ್ಲ ಆಯಿ ಎಂದು ಕೇಳಿದೆ.

“ಹೇಳಿದ್ರ ನೀ ಇರ್ತಿದ್ದೇನು? ಮೊದಲೇ ಪುಕ್ಕಿ. ಓಡಿ ಹೋಗ್ತಿದ್ದಿ. ಸಾವ್ಕಾರ್ರು ಹೋದ ಮ್ಯಾಲ ಆ ಮನಿ ಭಾಳ ವರ್ಷ ಖಾಲಿ ಇತ್ತು ತಂಗೀ. ಆ ಖಾಲಿ ಮನಿ ಪಕ್ಕಕ್ಕ ಒಬ್ಬಾಕಿ ಮಲಗೋದು... ನನಗೂ ಹೆದ್ರಿಕಿ ಅದ.”

ಹಗೇವಿನ ಬಾಯಿ ಬಹಳ ದಿನ ಗಾಳಿಗೆ ಬಿಟ್ಟು, ಆಮೇಲೆ ಬಂಡಿಗಟ್ಟಲೆ ಗರಸು ಮಣ್ಣು ತರಿಸಿ, ನೀರು ಹೊಯ್ದು, ದಮ್ಮಸ್ಸು ಬಡಿದು ಗಟ್ಟಿ ಮಾಡಿ ತುಂಬಿಸಿದೆವು. ಮೊದಲ ಬುಟ್ಟಿ ಆಯಿಯ ಕೈಯಿಂದಲೇ ಹಾಕಿಸಿದೆವು. ಫರಸಿ ಬಂತು, ತಿಳಿನೀಲಿ ಬಣ್ಣ ಬಂತು. ಮೂಲೆಯಲ್ಲಿ ಬೆತ್ತದ ಕುರ್ಚಿ ಇಟ್ಟ ದಿನ ಆಯಿಯನ್ನು ಕರೆದೆ. ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಬಂದು ಹೆಬ್ಬೆರಳಿನಿಂದ ಫರಸಿ ಒತ್ತಿ ನೋಡಿದಳು, ಹಿಮ್ಮಡಿಯಿಂದ ಒಮ್ಮೆ ಕುಟ್ಟಿದಳು. “ಗಟ್ಟಿ ಅದ,” ಎಂದು ಕುರ್ಚಿಯ ತುದಿಯಲ್ಲಿ ಕೂತಳು. ನಾನು ಚಹಾ ಕೊಟ್ಟೆ. ಬಸಿತಟ್ಟೆಗೆ ಹೊಯ್ದುಕೊಂಡು ಕುಡಿದಳು, ಒಂದು ಕೈ ಮಾತ್ರ ಕೊನೆಯವರೆಗೂ ಗೋಡೆಯ ಮೇಲೇ ಇತ್ತು.

ಎಂಬತ್ತರ ದಶಕದ ನಡುವೆ ನಮಗೆ ರಾಯಚೂರಿಗೆ ವರ್ಗವಾಯಿತು. ಮನೆ ಮಾರಬೇಡಿ, ಯಾರನ್ನಾದರೂ ಬಾಡಿಗೆಗೆ ಇಡಿ ಎಂದಷ್ಟೇ ಆಯಿ ಕೇಳಿಕೊಂಡಳು. ಮಕ್ಕಳಿದ್ದ ಸಂಸಾರವನ್ನೇ ಹುಡುಕಿ ಇಟ್ಟೆವು. ಅವಳು ತೀರಿಕೊಂಡ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು. ಅದಾದ ಮೇಲೆಯೇ ನಾವು ಮನೆ ಮಾರಿದೆವು. ಈಗ ಅಲ್ಲಿ ನಮ್ಮದೂ ಇಲ್ಲ, ಅವಳದೂ ಇಲ್ಲ. ಎರಡನ್ನೂ ಕೆಡವಿ ಯಾರೋ ಸಿಮೆಂಟಿನ ಮಳಿಗೆ ಎಬ್ಬಿಸಿದ್ದಾರೆ. ಅವಳದೊಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. ನೆನೆದರೆ ಬೆಳಕಿಂಡಿಯಲ್ಲಿ ತುಂಬಿಕೊಂಡ ಆ ಮುಖವೇ ಬರುತ್ತದೆ.

ಮೊನ್ನೆ ಟಾಕಿಯ ಬಂಡೆ ಸರಿಸಿ ಕೆಲಸದವರು ಚಹಾಕ್ಕೆ ಹೋದರು. ಸೊಸೆ ಫೋನಿನಲ್ಲಿದ್ದಳು. ನಾನು ಆ ವಾಸನೆಯಲ್ಲಿ ನಿಂತೇ ಇದ್ದೆ. ನಮ್ಮ ಮನೆಯವರಿಗೆ ಈಗ ಎಪ್ಪತ್ತು ದಾಟಿದೆ, ಮರೆವು ಬೇರೆ. ಟಾರ್ಚ್ ಹಿಡಿದುಕೊಂಡು ಬಂದು, ಬಗ್ಗಿ ನೋಡಿ, “ಎಷ್ಟು ಆಳ ಅದ ನೋಡೇ ಬಿಡೋಣು,” ಎನ್ನುತ್ತ ಒಳಗಿನ ಕಬ್ಬಿಣದ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟರು.

‘ರೀ’ ಎನ್ನಲಿಲ್ಲ ನಾನು. ಹೆಸರು ಹಿಡಿದು ಚೀರಿದೆ. ಬಳಗದ ಮುಂದೆ, ಮಕ್ಕಳ ಮುಂದೆ, ಮತದಾರರ ಪಟ್ಟಿಯವರ ಮುಂದೆ ಕೂಡ ಇಷ್ಟು ವರ್ಷ ಬಾಯಿಗೆ ಬಾರದ ಹೆಸರು, ಓಣಿಗೆಲ್ಲ ಕೇಳುವ ಹಾಗೆ. ಸೊಸೆಯ ಕೈಯಿಂದ ಫೋನು ಜಾರಿ ಬಿತ್ತು.

ಅವರು ಹಾಗೇ ನಿಂತರು. ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಕಾಲನ್ನು ಮೇಲೆ ತೆಗೆದುಕೊಂಡರು.