ಕಂಪೆನಿ ಕೊಕ್ಕೆ

ಕಡುಬಿನ ಹಿಟ್ಟನ್ನು ಬಿಸಿಯಿರುವಾಗಲೇ ನಾದಬೇಕು. ತಣ್ಣೀರಿನಲ್ಲಿ ಅಂಗೈ ಅದ್ದಿಕೊಂಡು, ಸುಡುವ ಹಿಟ್ಟನ್ನು ಒತ್ತಿ, ಮತ್ತೆ ಅದ್ದಿ, ಮತ್ತೆ ಒತ್ತಿ, ಒಂದೇ ಸಮನೆ ಮಾಡಿ ಮುಗಿಸಬೇಕಾದ ಕೆಲಸ ಅದು. ನಡುವೆ ಯಾರು ಕರೆದರೂ ಏಳುವ ಹಾಗಿಲ್ಲ. ಆದ್ದರಿಂದ ಆ ಬೆಳಿಗ್ಗೆ ನಮ್ಮ ಮೇಸ್ತ್ರಿ ತಿಮ್ಮಯ್ಯ ಹಿತ್ತಲ ಬಾಗಿಲಲ್ಲಿ ಬಂದು ನಿಂತಾಗ ನಾನು ತಲೆಯೆತ್ತದೆಯೇ, "ಕಾಫಿ ಬಗ್ಗಿಸಿಟ್ಟಿದೀನಿ, ತಗೊಂಡು ಕುಡಿ ಮಾರಾಯ" ಎಂದೆ. ಅವನು ಲೋಟ ಮುಟ್ಟಲಿಲ್ಲ. "ಅಮ್ಮಾ, ಸಣ್ಣ ಗೌಡ್ರನ್ನ ಆನೆ ಹೊಡೀತು" ಎಂದ. ಆಮೇಲೂ ನನ್ನ ಕೈ ಇನ್ನೆರಡು ಸಲ ಹಿಟ್ಟನ್ನು ಒತ್ತಿತು ಎಂದರೆ ನೀವು ನಂಬಬೇಕು. ಕೈಗೆ ಸುದ್ದಿ ತಲುಪುವುದು ನಿಧಾನ.

ಸಣ್ಣ ಗೌಡರೆಂದರೆ ನನ್ನ ಮೈದುನ ಸತೀಶ, ನಮ್ಮ ಮನೆಯವರ ಒಬ್ಬನೇ ತಮ್ಮ. ಜಾವಳಿಯ ಕಡೆಯಿರುವ ನಮ್ಮ ರೊಬಸ್ಟಾ ತೋಟದೊಳಗೆ ಒಂಟಿ ಆನೆಯೊಂದು ಬೆಳಕು ಹರಿಯುವ ಮೊದಲೇ ಬಂದು ನಿಂತಿತ್ತು. ಹಣ್ಣು ಕೊಯ್ಯುವ ಹೆಂಗಸರ ಜೀಪು ಇನ್ನೇನು ಬರಬೇಕು. ಅಷ್ಟರೊಳಗೆ ಅದನ್ನು ಅತ್ತ ತಿರುಗಿಸಿ ಕಳಿಸೋಣವೆಂದು ಅಣ್ಣ ತಮ್ಮ ಇಬ್ಬರೂ ಹೋಗಿದ್ದರು. ನಮ್ಮ ಮನೆಯವರ ಕೈಯಲ್ಲಿ ಪಟಾಕಿ, ಸತೀಶನ ಕೈಯಲ್ಲಿ ಮಾವನವರ ಕಾಲದ ರೈಫಲ್. ಇಬ್ಬನಿಗೆ ನೆಂದಿದ್ದ ಪಟಾಕಿ ಹತ್ತಲಿಲ್ಲ. ಸತೀಶ ಆಕಾಶಕ್ಕೆ ಒಂದು ಗುಂಡು ಹಾರಿಸಿದ. ಆನೆ ಬೆದರಿ ಮುಖ ತಿರುಗಿಸಿತಂತೆ. ಎರಡನೆಯದಕ್ಕೆಂದು, ಗುಂಡು ತುಂಬುವ ಬೋಲ್ಟ್ ಎಳೆದ. ಬೋಲ್ಟ್ ಬಂತು, ಒಳಗಿದ್ದ ಹಾರಿದ ಗುಂಡಿನ ಖಾಲಿ ಕೇಸು ಬರಲಿಲ್ಲ. ಮತ್ತೆ ತಳ್ಳಿ ಎಳೆದ, ಮತ್ತೆ ಬರಿದೇ ಬಂತು. ತಿರುಗಿದ್ದ ಆನೆ ಅಷ್ಟರಲ್ಲಿ ವಾಪಸು ತಿರುಗಿತು.

ಮೂಡಿಗೆರೆಯ ಆಸ್ಪತ್ರೆ ಮುಟ್ಟುವ ಮೊದಲೇ ಸತೀಶ ಹೋಗಿಬಿಟ್ಟಿದ್ದ. ಹೆಚ್ಚು ನರಳಲಿಲ್ಲ, ಮುಖಕ್ಕೆ ಏನೂ ಆಗಿರಲಿಲ್ಲ, ಕೊಯ್ಲಿನ ಹೆಂಗಸರು ಇನ್ನೂ ಬಂದಿರಲಿಲ್ಲ. ಹೊರನಾಡಿನ ಅಮ್ಮನಿಗೆ ಕೈಮುಗಿದು ನಾನು ಇವನ್ನೆಲ್ಲ ಎಣಿಸಿದೆ. ಕಷ್ಟ ಬಂದಾಗ ಅದರೊಳಗೆ ಅವಳು ಇಟ್ಟಿರುವ ಚೂರುಪಾರು ದಯೆಯನ್ನು ಹುಡುಕಿ ತೆಗೆಯುವುದು ನನ್ನ ಮೊದಲಿನ ಅಭ್ಯಾಸ, ಮೊರದಲ್ಲಿ ಕಲ್ಲಿನ ನಡುವೆ ಅಕ್ಕಿ ಆರಿಸುವ ಹಾಗೆ. ಈ ಸಲ ಆರಿಸಿದ್ದೆಲ್ಲ ಅಂಗೈಯಲ್ಲಿ ಇತ್ತು, ಆದರೆ ಒಂದು ಅಗುಳು ಅನ್ನವೂ ಆಗುವ ಹಾಗಿರಲಿಲ್ಲ.

ಅಡುಗೆಮನೆಯ ಹೆಂಗಸು ರೈಫಲ್ಲಿನ ಬಿಡಿಭಾಗದ ಬಗ್ಗೆ ಬರೆಯುವುದೇನು ಎಂದು ನಿಮಗೆ ಅನಿಸಬಹುದು. ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಬೋಲ್ಟಿನ ಮೂತಿಯಲ್ಲಿ ಉಗುರಿನಷ್ಟು ಚಿಕ್ಕದೊಂದು ಉಕ್ಕಿನ ಕೊಕ್ಕೆ ಇರುತ್ತದೆ. ಗುಂಡು ಹಾರಿದ ಮೇಲೆ ಒಳಗುಳಿಯುವ ಹಿತ್ತಾಳೆ ಕೇಸಿನ ಅಂಚನ್ನು ಹಿಡಿದು ಹೊರಗೆ ಎಳೆದು ಹಾಕುವುದು ಅದರ ಕೆಲಸ. ಎಕ್ಸ್‌ಟ್ರ್ಯಾಕ್ಟರ್ ಎನ್ನುತ್ತಾರೆ. ನಮ್ಮ ರೈಫಲ್ಲಿನದು ಕಾರ್ಖಾನೆಯಿಂದ ಬಂದಾಗ ಇದ್ದದ್ದೇ. ಮನೆಯಲ್ಲಿ ಅದಕ್ಕೆ ಕಂಪೆನಿ ಕೊಕ್ಕೆ ಎಂದು ಹೆಸರಾಯಿತು. ಪೊಲೀಸರ ಪಂಚನಾಮೆಯೆಲ್ಲ ಮುಗಿದು ರೈಫಲ್ ಮನೆಗೆ ವಾಪಸಾದ ದಿನದಿಂದ ನಮ್ಮ ಮನೆಯವರು ಊಟಕ್ಕೆ ಕೂತರೂ ಅದೇ, ಎದ್ದರೂ ಅದೇ. "ಆ ದರಿದ್ರ ಕೊಕ್ಕೆ ಒಂದು ಗಟ್ಟಿಯಾಗಿ ಹಿಡಿದಿದ್ದಿದ್ರೆ. ಹೊಸದು ಹಾಕಿಸಿಬಿಡ್ತೀನಿ ಕಣೆ, ದೊಡ್ಡದು." ಯಾರಿಗಾಗಿ ಎಂದು ಕೇಳಲು ನನ್ನ ಬಾಯಿಗೆ ಬಂದದ್ದುಂಟು, ಕೇಳಲಿಲ್ಲ. ದುಃಖಕ್ಕೆ ಕೂರಲು ಒಂದು ಜಾಗ ಬೇಕು. ಅವರ ದುಃಖ ಆ ಕೊಕ್ಕೆಯ ತುದಿಯ ಮೇಲೆ ಕೂತಿತ್ತು.

ಒಂದು ದಿನ ಚಿಕ್ಕಮಗಳೂರಿನಲ್ಲಿ ಕೋವಿ ರಿಪೇರಿ ಮಾಡುವವರ ಹತ್ತಿರ ಹೊರಟರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ರಿಪೇರಿಯವರು ಬೋಲ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೂಜಿಯಿಂದ ಕೊಕ್ಕೆಯ ಕೆಳಗೆ ಕೆದಕಿದರು. ಕಾಗದದ ಮೇಲೆ ಕೆಂಪು ಹಳದಿ ಹುಡಿ ಬಿತ್ತು.

"ಇದೇನು ಗೌಡ್ರೆ, ಗಂಧ ಕುಂಕುಮ? ಎಣ್ಣೆ ಜೊತೆ ಸೇರಿ ಗಾರೆ ಹಾಗೆ ಕೂತಿದೆ. ಕೊಕ್ಕೆಗೆ ಜಾಗಾನೇ ಇಲ್ಲ ಹಿಡಿಯೋಕೆ."

"ಅದ್ರಿಂದಾನೇ ಆಯ್ತಾ?" ಇವರ ದನಿ ಇಳಿದಿತ್ತು.

"ಇರಬಹುದು. ಕೇಸೇ ಉಬ್ಬಿ ಕಚ್ಚಿಕೊಂಡಿದ್ರೂ ಇರಬಹುದು. ಈಗ ಹೇಗೆ ಹೇಳೋದು? ಕೊಕ್ಕೆ ಮಾತ್ರ ಗಟ್ಟಿಯಾಗಿದೆ. ಇದನ್ನ ತೆಗೆದು ಬೇರೆ ಹಾಕಿದ್ರೆ ಇಷ್ಟು ಚೆನ್ನಾಗಿ ಕೂರುತ್ತೆ ಅಂತ ನಾನು ಮಾತು ಕೊಡೋದಿಲ್ಲ. ಸೀಮೆಎಣ್ಣೆ ಹಾಕಿ ಒರೆಸಿ ಇಟ್ಕೊಳ್ಳಿ, ಸಾಕು." ಹೀಗೆಂದು ಅವರು ಚಿಂದಿ ಬಟ್ಟೆ ಕೈಗೆತ್ತಿಕೊಂಡರು. ನಮ್ಮ ಮನೆಯವರು ಅವರ ಕೈ ಹಿಡಿದರು. "ಒರೆಸ್ಬೇಡಿ. ಹೊಸದು ತರಿಸಿ. ಬಂದ ಮೇಲೆ ಹೇಳಿ, ಬರ್ತೀವಿ."

ಯಾಕೆ ಹಾಗೆಂದರು ಎಂಬುದು ನನಗೆ ಗೊತ್ತು, ನಿಮಗೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಕತ್ತಿ, ತಕ್ಕಡಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರು, ಜೀಪು ಎಲ್ಲದಕ್ಕೂ ಗಂಧ ಕುಂಕುಮ ಏರಿಸುತ್ತೇವೆ; ಏರಿಸಿದ್ದನ್ನು ಆಮೇಲೆ ಯಾರೂ ಒರೆಸುವುದಿಲ್ಲ. ತಾನಾಗಿ ಉದುರಿ ಹೋಗಬೇಕು. ರೈಫಲ್ಲಿನ ಪೂಜೆ ಸತೀಶನದು. ಬೋಲ್ಟ್ ಎಳೆದು ಅದರ ಮೂತಿಗೆ, ಮದುಮಗಳ ಹಣೆಗೆ ಇಡುವಷ್ಟು ಹುಷಾರಾಗಿ, ಬೆರಳ ತುದಿಯಲ್ಲಿ ಗಂಧ ಹಚ್ಚಿ ಮೇಲೆ ಕುಂಕುಮ ಇಡುತ್ತಿದ್ದ. "ಅತ್ತಿಗೆ, ಪಲ್ಪರಿಗೆ ಮಾತ್ರ ಅಷ್ಟುದ್ದ ಹಾರ, ಇವಳಿಗೆ ಬರೀ ಎರಡು ಎಸಳಾ? ಸಿಟ್ಟು ಮಾಡ್ಕೊಂಡು ಗುಂಡೇ ಹಾರಿಸಲ್ಲ ನೋಡಿ" ಎಂದು ನನ್ನನ್ನು ರೇಗಿಸುತ್ತಿದ್ದ. ಪಟಾಕಿಗೇ ಆನೆಗಳು ಹೋಗುತ್ತಿದ್ದುದರಿಂದ ರೈಫಲ್ ಹೊರಗೆ ಬರುತ್ತಿದ್ದದ್ದು ಅಪರೂಪ. ನಳಿಗೆಗೆ ಆಗಾಗ ಎಣ್ಣೆ ಬಟ್ಟೆ ಹೋಗುತ್ತಿತ್ತು. ಪೂಜೆಯಾದ ಆ ಮೂತಿಗೆ ಮಾತ್ರ ಯಾರೂ ಬಟ್ಟೆ ತಾಗಿಸುತ್ತಿರಲಿಲ್ಲ. ವರ್ಷದ ಮೇಲೆ ವರ್ಷ, ಪದರದ ಮೇಲೆ ಪದರ, ಅವನ ಬೆರಳಿನಿಂದಲೇ.

ಕೊಕ್ಕೆ ಕೆಟ್ಟಿತ್ತು ಎಂದರೆ ತಪ್ಪು ಎಲ್ಲೋ ದೂರದ ಕಾರ್ಖಾನೆಯದು. ಕೊಕ್ಕೆ ಸರಿಯಿತ್ತು ಎಂದರೆ ತಪ್ಪು ನಮ್ಮ ದೇವರ ಕೋಣೆಯದು, ಸತೀಶನ ಭಕ್ತಿಯದು. ಅವನ ಹೆಂಡತಿ ವನಜಳಿಗೆ ಇದನ್ನು ಹೇಗೆ ಹೇಳುವುದು? ವಾಪಸು ಬರುವಾಗ ಜೀಪಿನಲ್ಲಿ, ಆಲ್ದೂರು ದಾಟಿದ ಮೇಲೆ ನಾನೇ, "ಬದಲಾಯಿಸಿಬಿಡೋಣ ರೀ. ಕೊಕ್ಕೆ ಸವೆದಿತ್ತು ಅಂತ ಹೇಳೋಣ" ಎಂದೆ. ಅವರು ತಲೆಯಾಡಿಸಿದರು.

ಆ ದಿನಗಳಲ್ಲಿ ದೇವರ ಮುಂದೆ ದೀಪ ಹಚ್ಚುತ್ತಿದ್ದೆ, ಬಿಟ್ಟಿರಲಿಲ್ಲ. ಕುಂಕುಮದ ಬಟ್ಟಲಿಗೆ ಬೆರಳು ಹೋದಾಗ ಮಾತ್ರ ಕೈ ತಡೆಯುತ್ತಿತ್ತು. ನಿನಗೆಂದು ಇಟ್ಟದ್ದೇ ಅವನ ಎರಡನೆಯ ಗುಂಡನ್ನು ತಡೆಯಿತೇ ತಾಯಿ? ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು. ಎದುರಿಗೆ ಯಾರೋ ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಎಂದಿದ್ದರೆ ತಾನೇ ಸಿಟ್ಟು ಬರುವುದು? ನನಗೆ ಎದುರಿಗೆ ಹಿತ್ತಾಳೆಯ ಮೂರ್ತಿ ಮಾತ್ರ ಕಾಣುತ್ತಿತ್ತು. ಇಷ್ಟು ವಯಸ್ಸಿಗೆ ಮೊದಲ ಸಲ, ಅದನ್ನು ಯಾವ ಅಂಗಡಿಯಿಂದ ತಂದದ್ದು ಎಂಬುದು ನೆನಪಿಗೆ ಬಂತು.

ಕಾಳುಮೆಣಸಿನ ಕೊಯ್ಲು ನಡೆದಿತ್ತು. ಒಂದು ಮಧ್ಯಾಹ್ನ ವನಜ, ನಾನು ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆವು. ಅವಳು ಸತ್ತವರ ಮನೆಯ ಮೌನವನ್ನು ನಮಗಿಂತ ಚೆನ್ನಾಗಿ ಕಲಿತಿದ್ದಳು, ಕೇಳಿದ್ದಕ್ಕಷ್ಟೇ ಉತ್ತರ. ಇವರು ಒಳಗಿನಿಂದ ಬಂದು, "ನಾಳೆ ಚಿಕ್ಕಮಗಳೂರಿಗೆ ಹೋಗ್ತೀನಿ. ಕೊಕ್ಕೆ ಬಂದಿದೆಯಂತೆ" ಎಂದರು. ಹೇಳಬೇಕಾದ ಹೊತ್ತು ಬಂತೆಂದುಕೊಂಡು ನಾನು, "ಆ ಕಂಪೆನಿ ಕೊಕ್ಕೆ ಪೂರಾ ಸವೆದುಹೋಗಿತ್ತಂತೆ ವನಜ. ರಿಪೇರಿಯವರೇ ಹೇಳಿದ್ರು" ಎಂದೆ.

ಅವಳು ಕೈಯಲ್ಲಿದ್ದ ಬೀಜವನ್ನು ತಟ್ಟೆಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು.

"ಅದು ಚೆನ್ನಾಗೇ ಇತ್ತಲ್ಲ ಅಕ್ಕ."

ಅವಳೇ ಮುಂದುವರಿಸಿದಳು.

"ಹೋದ ಆಯುಧಪೂಜೆಗೆ ಗಂಧದ ಬಟ್ಟಲು ಹಿಡ್ಕೊಂಡು ನಿಂತಿದ್ದವಳು ನಾನು. ಹಳೇದೆಲ್ಲ ಗಟ್ಟಿಯಾಗಿ ಕೂತಿದೆ ಕಣ್ರೀ, ತೆಗೆದು ಹೊಸದು ಇಡಿ ಅಂದೆ. ಪೂಜೆ ಮಾಡಿದ್ದನ್ನ ಒರೆಸ್ತಾರೇನೆ ಅಂತ ಬೈದ್ರು. ನಿಮಗೆ ಗೊತ್ತಾಗೋದು ಬೇಡ, ಬಾವನಿಗೆ ಇನ್ನೂ ಸಂಕಟ ಆಗುತ್ತೆ ಅಂತ ನಾನೇ ಬಾಯಿ ಮುಚ್ಕೊಂಡಿದ್ದೆ." ದನಿಯನ್ನೇನೂ ಏರಿಸದೆ ಹೇಳಿದಳು: "ನನ್ನ ಹಣೇದು ಒರೆಸುವಾಗ ಯಾರೂ ಹಿಂದೆಮುಂದೆ ನೋಡ್ಲಿಲ್ಲ ಅಕ್ಕ. ಆ ಕಬ್ಬಿಣದ್ದು ಒರೆಸೋಕೆ ಇಷ್ಟು ವರ್ಷ ಒಬ್ಬರಿಗೂ ಕೈ ಬರ್ಲಿಲ್ಲ."

ಅವಳನ್ನು ಕೇಳಿಯೇ ಈ ಮಾತನ್ನು ಇಲ್ಲಿ ಬರೆದಿದ್ದೇನೆ. ಬರೆದುಕೊಳ್ಳಿ ಅಂದಳು. ಹನ್ನೊಂದನೆಯ ದಿನ ಅವಳನ್ನು ಕೂರಿಸಿದಾಗ ಸುತ್ತ ನಿಂತಿದ್ದ ಹೆಂಗಸರಲ್ಲಿ ನಾನೂ ಒಬ್ಬಳು. ಬೇಡ ಎಂದು ಯಾರ ಬಾಯಿಂದಲೂ ಬಂದಿರಲಿಲ್ಲ. ಅವಳಿಗೆ ಗೊತ್ತಾಗದೆ ಉಳಿಯಿತಲ್ಲ ಎಂದು ನಾನು ಎಣಿಸಿಟ್ಟುಕೊಂಡಿದ್ದ ಕಡೆಯ ದಯೆಯೂ ಹೀಗೆ ಅಂಗೈಯಿಂದ ಜಾರಿತು. ಅವಳು ಅದನ್ನು ಒಬ್ಬಳೇ, ನಮ್ಮೆಲ್ಲರಿಗಿಂತ ಮೊದಲಿನಿಂದ, ಹೊತ್ತುಕೊಂಡು ಓಡಾಡುತ್ತಿದ್ದಳು.

"ಕೊಕ್ಕೆ ಬದಲಾಯಿಸ್ಬೇಡಿ ಬಾವ. ಆ ಬೋಲ್ಟ್ ತಂದುಕೊಡಿ" ಎಂದಳು.

ಇವರು ಬೀರುವಿನಿಂದ ತಂದು ಅವಳ ಕೈಗಿಟ್ಟರು. ಅಲ್ಲಿ ನಿಲ್ಲಲಾರದೆ ಒಳಗೆ ಹೋದರು. ಅವಳು ಹಳೆಯ ಲಂಗದ ಚೂರೊಂದನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕೊಕ್ಕೆಯ ಸುತ್ತ, ಕೊಕ್ಕೆಯ ಕೆಳಗೆ, ಬೆರಳು ಹೋಗದ ಕಡೆ ಪಿನ್ನಿಗೆ ಬಟ್ಟೆ ಸುತ್ತಿಕೊಂಡು, ಮಗುವಿನ ಕಿವಿ ಒರೆಸುವಷ್ಟು ನಿಧಾನವಾಗಿ ಒರೆಸತೊಡಗಿದಳು. ಬಟ್ಟೆ ಕೆಂಪಾಗುತ್ತ ಹೋಯಿತು. ಸಹಾಯಕ್ಕೆಂದು ಚಾಚಿದ ನನ್ನ ಕೈ ಅರ್ಧದಲ್ಲೇ ನಿಂತಿತು, ಮುಂದಕ್ಕೆ ಹೋಗಲಿಲ್ಲ. ಅಭ್ಯಾಸ ಅಷ್ಟು ಸುಲಭಕ್ಕೆ ಹೋಗುವುದಿಲ್ಲ ನೋಡಿ, ಅದರ ಹಿಂದಿದ್ದ ನಂಬಿಕೆ ಹೋದ ಮೇಲೂ. ಅವಳು ನನ್ನ ಕೈಯನ್ನು ನೋಡಿ, ಬಟ್ಟೆಯನ್ನು ಮತ್ತೆ ಸೀಮೆಎಣ್ಣೆಗೆ ಅದ್ದಿದಳು.

ಬಿಸಿಲು ಇಳಿದಿತ್ತು. ಹೊರಗೆ ಹರವಿದ್ದ ಮೆಣಸಿನ ಮೇಲೆ ಇಬ್ಬನಿ ಬೀಳುವ ಮೊದಲು ಅದನ್ನು ರಾಶಿ ಮಾಡಿ ಟಾರ್ಪಾಲು ಹೊದಿಸಬೇಕಾಗಿತ್ತು. ನಾನು ಪೊರಕೆ ತೆಗೆದುಕೊಂಡು ಅಂಗಳಕ್ಕೆ ಇಳಿದೆ.