ಅತ್ತೆ ಉಜ್ಜಿದ ಉಪ್ಪಿನ ಕಿಟಕಿ

ನನ್ನ ಸೋದರತ್ತೆ ಇಪ್ಪತ್ತಾರು ವರ್ಷ ಉಪ್ಪು ಉಜ್ಜಿದವಳು. ಅಡುಗೆಮನೆಯಲ್ಲಲ್ಲ, ಗಾಳಿಯನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಅಲ್ಲಿ ಗಾಳಿಯ ಮಾದರಿಯನ್ನು ಕೊಳವೆಯೊಂದರಲ್ಲಿ ತುಂಬಿ, ಅದರ ಮೂಲಕ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಾಯಿಸುತ್ತಾರೆ. ಹಲವು ಅನಿಲಗಳು ಆ ಬೆಳಕಿನಲ್ಲಿ ತಮ್ಮ ತಮ್ಮ ಪಾಲನ್ನು ನುಂಗುತ್ತವೆ. ಯಾವುದು ಎಷ್ಟು ನುಂಗಿತು ಎಂಬುದನ್ನು ಯಂತ್ರ ಕಾಗದದ ಮೇಲೆ ಎಳೆಯುವ ಗೆರೆ ಅಲ್ಲಲ್ಲಿ ಗುಳಿಬಿದ್ದು ಹೇಳಿಬಿಡುತ್ತದೆ. ಗಾಜು ಈ ಬೆಳಕನ್ನು ತಡೆಯುವುದರಿಂದ ಕೊಳವೆಯ ಎರಡೂ ತುದಿಗೆ ಉಪ್ಪಿನ ಹರಳಿನ ಬಿಲ್ಲೆಗಳೇ ಕಿಟಕಿ. ಉಸಿರು ತಾಕಿದರೂ ಅವು ಮಂಜಾಗುತ್ತವೆ. ಅತ್ತೆ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸ್ಪಿರಿಟ್ ಹನಿಸಿ, ಅವನ್ನು ಫಳಫಳ ಹೊಳೆಯುವಂತೆ ಉಜ್ಜುತ್ತಿದ್ದಳು. ಅಲ್ಲಿ ಎಲ್ಲರಿಗೂ ಅವಳು ಉಪ್ಪಕ್ಕ.

ಒಂದು ಸಲ ಗಾಳಿಯ ಮಾದರಿ ಹಿಡಿಯಲೆಂದೇ ಪೇಟೆಯ ಹಿಂದೆ ನಿಲ್ಲಿಸಿದ್ದ ಗೋಪುರದಿಂದ ತಂದ ಗಾಳಿಯಲ್ಲಿ ಯಾರೂ ನಿರೀಕ್ಷಿಸದ ಕಡೆ ಗೆರೆ ಗುಳಿಬಿದ್ದಿತು. ಹೊರಗಿನಿಂದ ಬಂದಿದ್ದ ತಜ್ಞರು ನೋಡಿ ನಕ್ಕುಬಿಟ್ಟರು.

"ಇದು ಗಾಳಿಯದಲ್ಲ, ಕಿಟಕಿ ಮೇಲೆ ಉಳಿದಿರೋ ಸ್ಪಿರಿಟ್ಟು. ಒರೆಸೋದರಲ್ಲಿ ಎಡವಟ್ಟಾಗಿದೆ."

ಅತ್ತೆಯ ಮುಖ ಕೆಂಪಾಯಿತು, ದನಿ ಏರಲಿಲ್ಲ. "ಹಾಗಿದ್ರೆ ಸರ್, ಈ ಗಾಳಿ ತೆಗೆದು ಬರೀ ನೈಟ್ರೋಜನ್ ತುಂಬಿ ನೋಡೋಣ. ಅದು ಈ ಬೆಳಕನ್ನ ಮುಟ್ಟೋದೇ ಇಲ್ಲ. ತಪ್ಪು ನನ್ನದಾದ್ರೆ ಗುಳಿ ಅಲ್ಲೇ ಇರತ್ತೆ."

ತುಂಬಿದರು. ಗೆರೆ ಸಪಾಟಾಗಿ ಬಂತು. ಗೋಪುರದ ಗಾಳಿ ಮತ್ತೆ ತುಂಬಿದರು, ಗುಳಿ ಮತ್ತೆ ಬಿತ್ತು. ಮೂರು ಸಲ ಮಾಡಿದರೂ ಅದೇ ಕತೆ. ಆಮೇಲೆ ಬೀದಿಬೀದಿಯ ಗಾಳಿಯನ್ನು ಸೀಸೆಗಳಲ್ಲಿ ಹಿಡಿದು ತಂದು ನೋಡುತ್ತ ಹೋದಾಗ, ಹಣ್ಣಿನ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ತಂಪು ಮಾಡುವ ಅನಿಲದ ಪೈಪು ಸೋರುತ್ತಿರುವುದು ಸಿಕ್ಕಿತು. ಮಾಲೀಕರಿಗೇ ಗೊತ್ತಿರಲಿಲ್ಲ. ವಾರದೊಳಗೆ ಪೈಪು ರಿಪೇರಿಯಾಯಿತು, ಗುಳಿಯೂ ಮಾಯವಾಯಿತು.

ತಜ್ಞರು ಹೊರಡುವ ಮುಂಚೆ ಅವಳ ಮೇಜಿನ ಹತ್ತಿರ ಬಂದರು. "ಸುಮ್ನೆ ನಿಮ್ಮ ಮೇಲೆ ಗೂಬೆ ಕೂರಿಸಿದೆ ಅಮ್ಮ, ತಪ್ಪಾಯ್ತು. ನಮ್ಮ ಕಿಟಕಿಗಳನ್ನೂ ಉಜ್ಜಿಕೊಡ್ತೀರಾ?"

"ಕಳಿಸಿ ಸರ್. ಆದರೆ ವಾಪಸ್ ಬಂದಮೇಲೆ ಮಾತಾಡ್ತಾ ಪೊಟ್ಟಣ ಬಿಚ್ಚಬೇಡಿ."

ಈ ಸೋರಿಕೆಯ ಬಗ್ಗೆ ಪ್ರಯೋಗಾಲಯದ ವಿಜ್ಞಾನಿಗಳು ಬರೆದ ವರದಿಯಲ್ಲಿ ಅವರ ಹೆಸರಿನ ಜೊತೆ ಅತ್ತೆಯ ಹೆಸರೂ ಅಚ್ಚಾಯಿತು. ಅವಳ ಅಣ್ಣ, ಅಂದರೆ ನಮ್ಮಪ್ಪ, ಕ್ಷೌರದಂಗಡಿ ಇಟ್ಟಿದ್ದವರು. ಒಂದಿಡೀ ತಿಂಗಳು ಕುರ್ಚಿಯಲ್ಲಿ ಕೂತವರಿಗೆಲ್ಲ ಆ ಪುಟ ಓದಿ ಹೇಳಿದರು. ಕತ್ತಿನ ಹತ್ತಿರ ಕತ್ತಿ ಇರುವಾಗ ಬೇಡ ಎನ್ನುವವರು ಯಾರು?

"ಸಾಕು ಮಾಡಣ್ಣ, ನಗ್ತಾರೆ ಜನ" ಎಂದು ಅತ್ತೆ ಗದರಿದಳು. ಆದರೆ ಆ ಪುಟವನ್ನು ವಾಪಸ್ ಕೇಳಲಿಲ್ಲ.